ನಗೋಕೆ ಅಂತ 499 ಕೊಟ್ಟು ಹೋದರೆ ರಾಜಕೀಯ ಬಡಿಸಿದರು. ಎದ್ದು ಬಂದಿದ್ದು ತಪ್ಪಾ?

ಮೂರನೇ_ಸಾಲು:
ಶನಿವಾರ ಇಂದಿರಾನಗರದ ಕಡೆ ಒಂದು ಸ್ಟ್ಯಾಂಡಪ್ ಶೋಗೆ ಹೋಗಿದ್ದೆವು. ನಾನು, ಹೆಂಡತಿ, ಊರಿಂದ ಬಂದಿದ್ದ ಮಾವ. ತಲೆಗೆ 499 ರೂಪಾಯಿ. ಮೊದಲ ಅರ್ಧ ಗಂಟೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪಿಜಿ ಊಟ, ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡುವ ಮುಂಚೆ ಗೋಡೆಯ ಮೊಳೆ ಎಣಿಸುವುದು, ಇಂಥವು. ಮಾವ ಕಣ್ಣು ಒರೆಸಿಕೊಂಡು ನಗುತ್ತಿದ್ದರು.

ಆಮೇಲೆ ಇದ್ದಕ್ಕಿದ್ದಂತೆ ಗಾಡಿ ರಾಜಕೀಯದ ಕಡೆ ತಿರುಗಿತು. ಯಾವ ಪಕ್ಷ, ಯಾವ ನಾಯಕ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೆಲ್ಲ ಅದರ ಮೇಲೇ ಜಗಳ ಶುರು ಮಾಡುತ್ತೀರಿ. ಇಪ್ಪತ್ತು ನಿಮಿಷ ಅದೇ. ಜೋಕು ಕಮ್ಮಿ, ಸಿಟ್ಟು ಜಾಸ್ತಿ. ಮುಂದಿನ ಸಾಲಿನಲ್ಲಿದ್ದ ಒಬ್ಬರು "ನಾವು ಇದಕ್ಕೆ ಬಂದಿಲ್ಲ ಕಣ್ರೀ" ಎಂದು ಕೂಗಿದರು. ಆತ ಮೈಕಿನಲ್ಲೇ "ಬಾಗಿಲು ಆ ಕಡೆ ಇದೆ ಸಾರ್" ಎಂದ. ಅರ್ಧ ಜನ ಚಪ್ಪಾಳೆ ಹೊಡೆದರು, ಅರ್ಧ ಜನ ಮುಖ ಗಂಟು ಹಾಕಿಕೊಂಡರು. ಹತ್ತು ಹನ್ನೆರಡು ಜನ ಎದ್ದು ಹೊರಟರು. ಅದರಲ್ಲಿ ನಮ್ಮ ಮಾವನೂ ಒಬ್ಬರು. ಅವರು ಎದ್ದ ಮೇಲೆ ನಾನು ಕೂರುವುದು ಹೇಗೆ?

ಈಗ ಮನೆಯಲ್ಲೇ ಎರಡು ಪಕ್ಷ. "ಅಪ್ಪ ದಿನಾ ಮೂರು ಗಂಟೆ ನ್ಯೂಸ್ ಚಾನೆಲ್ ಕಿರುಚಾಟ ನೋಡ್ತಾರೆ, ಇಪ್ಪತ್ತು ನಿಮಿಷ ತಡ್ಕೊಳ್ಳೋಕೆ ಆಗಲಿಲ್ವಾ" ಎನ್ನುತ್ತಾಳೆ ಹೆಂಡತಿ. ನಗಿಸುವವರು ರಾಜಕೀಯ ಮಾತಾಡಲಿ, ಬೇಡ ಅನ್ನಲ್ಲ. ಟಿಕೆಟ್ ಮಾರುವಾಗಲೇ ಒಂದು ಮಾತು ಹೇಳಬಹುದಲ್ವಾ? ನಿಮಗೇನನ್ನಿಸುತ್ತದೆ?

ಕಾಫಿ_ಡಿಕಾಕ್ಷನ್:
ತಪ್ಪೇನಿಲ್ಲ. ಸಿನಿಮಾ ಬೋರಾದರೆ ಇಂಟರ್ವಲ್‌ನಲ್ಲಿ ಎದ್ದು ಬರಲ್ವಾ, ಹಾಗೇ.

ಅಡ್ಡಮಾತು:
ಅವನ ಕೆಲಸ ನಗಿಸುವುದು. ಅಭಿಪ್ರಾಯ ಬೇಕಿದ್ದರೆ ನಾನು ಪೇಪರ್ ಓದುತ್ತೇನೆ, ಅದರಲ್ಲಿ ಪದಬಂಧವೂ ಇರುತ್ತದೆ. ಇತ್ತೀಚೆಗೆ ಯಾರ ಕೈಗೆ ಮೈಕ್ ಕೊಟ್ಟರೂ ದೇಶ ಉದ್ಧಾರ ಮಾಡೋಕೆ ನಿಲ್ಲುತ್ತಾರೆ.

ನಾಟಕದ_ಹುಚ್ಚು:
@ಅಡ್ಡಮಾತು, "ಇತ್ತೀಚೆಗೆ" ಅಂದಿರಲ್ಲ, ಅದನ್ನು ಒಪ್ಪೋಕಾಗಲ್ಲ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ಗೊತ್ತಿಲ್ವಾ? ಸಾವಿರಾರು ಪ್ರದರ್ಶನ ಕಂಡ ನಾಟಕ. ನಾಟಕದ ಹೆಸರಲ್ಲೇ ರಾಜಕೀಯ ಇದೆ. ಬೆಳಗಿನ ಪೇಪರಿನಲ್ಲಿ ಬಂದ ಹಗರಣ ಸಂಜೆ ಅವರ ಬಾಯಲ್ಲಿ ಬರುತ್ತಿತ್ತು. ಬರೆದ ಮಾತಿಗಿಂತ ಅಲ್ಲೇ ಹುಟ್ಟಿದ ಮಾತೇ ಜಾಸ್ತಿ.

ನಮ್ಮಪ್ಪ ಮಂಡ್ಯದಲ್ಲಿ ಹುಡುಗನಾಗಿದ್ದಾಗ ನೋಡಿದ್ದನ್ನು ಈಗಲೂ ಹೇಳುತ್ತಾರೆ. ಮುಂದಿನ ಸಾಲಿನಲ್ಲಿ ಊರಿನ ದೊಡ್ಡ ಕುಳಗಳು ಕೂತಿದ್ದರಂತೆ. ಅವರಿಗೇ ತಿರುಗಿ ನಾಲ್ಕು ಮಾತು ಬಿಟ್ಟರಂತೆ. ಹಿಂದಿನವರ ಸಿಳ್ಳೆ, ಮುಂದಿನವರ ಹಲ್ಲು ಕಿರಿಯುವಿಕೆ. ಎದ್ದು ಹೋದರೆ "ನನಗೇ ಹೇಳಿದ್ದು" ಎಂದು ಒಪ್ಪಿಕೊಂಡ ಹಾಗಲ್ವಾ, ಅದಕ್ಕೇ ಒಬ್ಬರೂ ಏಳಲಿಲ್ಲವಂತೆ.

ಗಿರ್ಮಿಟ್_ಪ್ರೇಮಿ:
ಅಲ್ರೀ, ಹಿರಣ್ಣಯ್ಯನವರ ಹೆಸರು ತಂದು ಇವರ ಪಕ್ಕ ನಿಲ್ಲಿಸಬ್ಯಾಡ್ರಿ. ಅವರು ಬೈದ್ರೆ ಎಲ್ಲರಿಗೂ ಬೈತಿದ್ರು. ಇವತ್ತಿನವರು ಒಂದು ಕಡೆ ನೋಡಿ ಕಲ್ಲು ಹೊಡೀತಾರ, ಇನ್ನೊಂದು ಕಡೆ ನೋಡಿ ಹೂವು.

ನಾಟಕದ_ಹುಚ್ಚು:
ಎಲ್ಲರಿಗೂ ಅಂದರೆ ತಕ್ಕಡಿಯಲ್ಲಿ ತೂಗಿ ಬೈಯುತ್ತಿರಲಿಲ್ಲ ರೀ. ಕುರ್ಚಿಯಲ್ಲಿ ಯಾರಿದ್ದಾರೋ ಅವರಿಗೆ ಜಾಸ್ತಿ ಬೀಳುತ್ತಿತ್ತು. ಕುರ್ಚಿ ಬದಲಾದಾಗ ಬೈಗುಳದ ವಿಳಾಸವೂ ಬದಲಾಗುತ್ತಿತ್ತು. 'ಕೊರವಂಜಿ' ಹಾಸ್ಯಪತ್ರಿಕೆ ನೋಡಿ, 1942ರಲ್ಲಿ ರಾಶಿಯವರು (ಡಾ. ಎಂ. ಶಿವರಾಂ) ಶುರು ಮಾಡಿದ್ದು. ಸ್ವಾತಂತ್ರ್ಯದ ಮುಂಚೆಯೂ ಆಮೇಲೆಯೂ ಆಳುವವರ ಕಾಲೆಳೆಯುತ್ತಲೇ ಇತ್ತು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆಯುತ್ತಿದ್ದರು.

ಚೆಂಡೆ_ಮದ್ದಳೆ:
ನಮ್ಮ ಕಡೆ ಯಕ್ಷಗಾನದಲ್ಲಿ ಹಾಸ್ಯಗಾರ ಇರುವುದೇ ಇದಕ್ಕೆ ಮಾರಾಯ್ರೇ. ರಾಜ ದ್ವಾಪರದವ, ದೂತನ ಬಾಯಲ್ಲಿ ಮಾತ್ರ ರಸ್ತೆ ಹೊಂಡ, ಕರೆಂಟ್ ಬಿಲ್ಲು ಎಲ್ಲ ಬರ್ತದೆ. ಆದರೆ ಈಗ ಮೊಬೈಲ್ ಕಾಟ. ಬೆಳಗಿನ ಜಾವ ಮೂರು ಗಂಟೆಗೆ ಒಂದು ಊರಿನ ಗದ್ದೆಯಲ್ಲಿ ಆಡಿದ ಮಾತನ್ನು ಅರ್ಧ ನಿಮಿಷ ಕತ್ತರಿಸಿ ಹಾಕುತ್ತಾರೆ. ಆಟ ನೋಡದವರೆಲ್ಲ ಬೈಯ್ಯಲಿಕ್ಕೆ ರೆಡಿ. ಹಿಂದೆ ಮುಂದೆ ಏನಿತ್ತು ಎಂದು ಕೇಳುವವರೇ ಇಲ್ಲ.

ಮೈಕ್_ಟೆಸ್ಟಿಂಗ್:
ನಾನು ಮೂರು ವರ್ಷದಿಂದ ಓಪನ್ ಮೈಕ್ (ಹೊಸಬರೂ ಸ್ಟೇಜ್ ಹತ್ತಿ ಜೋಕು ಹೇಳಿ ನೋಡುವ ಶೋ) ಮಾಡುತ್ತಿದ್ದೇನೆ. ಹಗಲು ಸಾಫ್ಟ್‌ವೇರ್, ರಾತ್ರಿ ಅವಮಾನ. ಒಳಗಿನ ಒಂದೆರಡು ವಿಷಯ ಹೇಳುತ್ತೇನೆ.

ಒಂದು ಗಂಟೆಯ ಸೆಟ್ ಒಂದು ದಿನದಲ್ಲಿ ಆಗುವುದಿಲ್ಲ. ಐದೈದು ನಿಮಿಷದ ಸ್ಲಾಟ್‌ಗಳಲ್ಲಿ ನೂರಾರು ಸಲ ಹೇಳಿ, ಎಲ್ಲಿ ನಗುತ್ತಾರೆ, ಎಲ್ಲಿ ನಗಲ್ಲ ಎಂದು ನೋಡಿ ಕಟ್ಟುತ್ತೇವೆ. ಮೊಳೆ ಎಣಿಸುವ ಬಿಟ್ ಹಾಗೆ ಕಟ್ಟಿದ್ದು. (ಯಾರ ಶೋ ಎಂದು ಗೊತ್ತಾಯಿತು, ಹೆಸರು ಹೇಳಲ್ಲ.) ರಾಜಕೀಯದ ಜೋಕಿಗೆ ಅಷ್ಟು ಟೈಮ್ ಸಿಗುವುದಿಲ್ಲ. ವಾರದಲ್ಲಿ ಹಳಸುತ್ತದೆ. ಹಾಗಾಗಿ ಹಸಿಹಸಿಯಾಗಿ ಸ್ಟೇಜಿಗೆ ಬರುತ್ತದೆ. ಹಸಿ ಜೋಕು ಭಾಷಣದ ಥರ ಕೇಳಿಸುತ್ತದೆ.

ಇನ್ನೊಂದು. ನಗು ತಾನಾಗೇ ಬರುತ್ತದೆ. ಚಪ್ಪಾಳೆ ಜನ ಯೋಚಿಸಿ ಹೊಡೆಯುತ್ತಾರೆ. ನಿಮ್ಮ ಮಾತಿಗೆ ನಗು ಬಾರದೆ ಬರೀ ಚಪ್ಪಾಳೆ ಬಂದರೆ ಅವರು "ನಾನೂ ನಿನ್ನ ಕಡೆಯವನು" ಎನ್ನುತ್ತಿದ್ದಾರೆ ಅಷ್ಟೇ. ಆ ಚಪ್ಪಾಳೆಯ ರುಚಿ ಹತ್ತಿದರೆ ಜೋಕು ಬರೆಯುವುದೇ ಮರೆತುಹೋಗುತ್ತದೆ. ನಮ್ಮಲ್ಲಿ ಹಲವರಿಗೆ ಆ ಕಾಯಿಲೆ ಇದೆ.

"ಬಾಗಿಲು ಆ ಕಡೆ" ಅಂದಿದ್ದು ಮಾತ್ರ ಸೋಮಾರಿತನ. ಎದುರು ಮಾತಾಡಿದವರನ್ನೂ ಸೇರಿಸಿಕೊಂಡು ನಗಿಸಿದ್ದರೆ ಅವನು ಗೆಲ್ಲುತ್ತಿದ್ದ.

ಅಡ್ಡಮಾತು:
ಅಬ್ಬಾ, ಒಬ್ಬ ಕಾಮಿಡಿಯನ್ ಆದರೂ ಒಪ್ಪಿಕೊಂಡರಲ್ಲ.

ಮೈಕ್_ಟೆಸ್ಟಿಂಗ್:
ಪೂರ್ತಿ ಒಪ್ಪಿಲ್ಲ ಸಾರ್ :) ಹಸಿ ಜೋಕು ಹೇಳುವ ಹಕ್ಕು ಇದೆ. ನಗದೇ ಇರುವ ಹಕ್ಕು ನಿಮಗಿದೆ. ಹಾಲ್‌ನವರಿಗೆ ಫೋನ್ ಮಾಡಿ ಹೆದರಿಸುವ ಹಕ್ಕು ಯಾರಿಗೂ ಇಲ್ಲ.

ಟಿಕೆಟ್_ಇಟ್ಟುಕೊಂಡವಳು:
ಆ ಕೊನೆಯ ಸಾಲಿಗೆ ನನ್ನದೂ ಒಂದು ಕಥೆ. 2021ರ ನವೆಂಬರ್ 28, ಬೆಂಗಳೂರಿನ ಗುಡ್ ಶೆಪರ್ಡ್ ಆಡಿಟೋರಿಯಂ, ಸ್ಟ್ಯಾಂಡಪ್ ಕಲಾವಿದ ಮುನವ್ವರ್ ಫಾರೂಕಿ ಶೋ. ನನ್ನ ಹತ್ತಿರ ಎರಡು ಟಿಕೆಟ್ ಇತ್ತು. ಆರುನೂರಕ್ಕೂ ಜಾಸ್ತಿ ಟಿಕೆಟ್ ಹೋಗಿತ್ತು. ಅಶೋಕನಗರ ಪೊಲೀಸರು ಆಯೋಜಕರಿಗೆ ಪತ್ರ ಬರೆದರು. ಅವರು ವಿವಾದಿತ ವ್ಯಕ್ತಿ, ಶಾಂತಿ ಕೆಡಬಹುದು, ನಿಲ್ಲಿಸಿ ಎಂದು. ನಿಂತಿತು. ಎರಡು ತಿಂಗಳಲ್ಲಿ ಹನ್ನೆರಡು ಶೋ ಹೀಗೆ ಹೋಗಿದೆ, ದ್ವೇಷ ಗೆದ್ದಿತು, ಕಲಾವಿದ ಸೋತ, ನನಗೆ ಸಾಕಾಯಿತು ಎಂದು ಮುನವ್ವರ್ ಅವತ್ತೇ ಬರೆದುಕೊಂಡರು. ಮುಂದಿನ ವರ್ಷ ಆಗಸ್ಟ್‌ನಲ್ಲೂ ಬೆಂಗಳೂರಲ್ಲಿ ಆಗಲಿಲ್ಲ. ಅದೇ ವಾರ ಹೈದರಾಬಾದಿನಲ್ಲಿ ಪೊಲೀಸ್ ಕಾವಲಿನಲ್ಲಿ ಆಯಿತು.

ಮೂರನೇ_ಸಾಲು ಅವರೇ, ನಿಮಗೆ ಕೂತು ಕೇಳಿ ಬೇಜಾರಾಗಿ ಎದ್ದು ಬರುವ ಭಾಗ್ಯವಾದರೂ ಸಿಕ್ಕಿತು. ನನಗೆ ಅದೂ ಇಲ್ಲ. ಟಿಕೆಟ್ ದುಡ್ಡು ವಾಪಸ್ ಬಂತು, ಆ ಮಾತು ಬೇರೆ.

ಬೆಳ್ಳಿ_ಲೋಟ:
ಅವರು ಸುಮ್ನೆ ವಿವಾದಿತ ಆಗಿದ್ದಾ? 2020ರಲ್ಲಿ ದೇವರ ಮೇಲೆ ಜೋಕು ಮಾಡಿದ ವಿಡಿಯೊ ಓಡಾಡಿತ್ತು. ಅದಕ್ಕೆ ಅವರೇ ಕ್ಷಮೆ ಕೇಳಿದ್ದರು. ಇದು ರಾಜಕೀಯ ಅಭಿಪ್ರಾಯದ ಮಾತಲ್ಲ, ಜನರ ನಂಬಿಕೆಯ ಮಾತು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ನನ್ನ ತಾಯಿಗೆ ಕಲಾವಿದನ ಸ್ವಾತಂತ್ರ್ಯ ಗೊತ್ತಿಲ್ಲ, ರಾಮ ಗೊತ್ತು. ಅವಳಿಗೆ ನೋವಾಯಿತು. ಆ ನೋವು ಸುಳ್ಳಾ?

ಟಿಕೆಟ್_ಇಟ್ಟುಕೊಂಡವಳು:
ಸುಳ್ಳಲ್ಲ. ಆದರೆ ಇಂದೋರಿನಲ್ಲಿ 2021ರ ಜನವರಿ 1ಕ್ಕೆ ಅವರನ್ನು ಹಿಡಿದಾಗ, ಅವತ್ತಿನ ಶೋನಲ್ಲಿ ಅಂಥ ಜೋಕು ಹೇಳಿದ್ದಕ್ಕೆ ವಿಡಿಯೊ ಸಾಕ್ಷಿ ಇಲ್ಲ ಎಂದು ಪೊಲೀಸರೇ ಹೇಳಿದ್ದು ಸುದ್ದಿಯಾಗಿತ್ತು. ಸುಪ್ರೀಂ ಕೋರ್ಟ್ ಫೆಬ್ರವರಿ 5ಕ್ಕೆ ಮಧ್ಯಂತರ ಜಾಮೀನು ಕೊಟ್ಟಿತು. ಒಂದು ತಿಂಗಳಿಗೂ ಜಾಸ್ತಿ ಜೈಲು. ನಿಮ್ಮ ತಾಯಿಯ ನೋವಿಗೆ ಗೌರವ ಇದೆ, ಆದರೆ ಆಡದ ಜೋಕಿಗೆ ಜೈಲೇ?

ಬೆಳ್ಳಿ_ಲೋಟ:
ಜೈಲು ಜಾಸ್ತಿಯಾಯಿತು, ಒಪ್ಪುತ್ತೇನೆ. ಶೋ ಬೇಡ ಅನ್ನುವುದನ್ನು ಬಿಡಲ್ಲ.

ಕರಿ_ಕೋಟು:
ಕೋರ್ಟಿನ ಕಡೆಯಿಂದ ಒಂದು ಮಾತು. 1989ರಲ್ಲಿ ರಂಗರಾಜನ್ ಮತ್ತು ಜಗಜೀವನ್ ರಾಮ್ ಎಂಬ ಕೇಸು. ಮೀಸಲಾತಿ ಬಗ್ಗೆ ಇದ್ದ ಒಂದು ತಮಿಳು ಸಿನಿಮಾಕ್ಕೆ ವಿರೋಧ ಬಂದಿತ್ತು. ಗಲಾಟೆ ಆಗುತ್ತದೆ ಎಂಬ ಹೆದರಿಕೆಗೆ ಸಿನಿಮಾ ನಿಲ್ಲಿಸುವಂತಿಲ್ಲ, ಗಲಾಟೆ ಮಾಡುವವರನ್ನು ತಡೆಯುವುದು ಸರ್ಕಾರದ ಕೆಲಸ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎದುರು ಗುಂಪನ್ನು ನಮ್ಮ ಕೈಲಿ ನಿಭಾಯಿಸಲು ಆಗಲ್ಲ ಎಂದು ಸರ್ಕಾರ ಕೈ ಚೆಲ್ಲುವಂತಿಲ್ಲ.

ಕಾಗದದಲ್ಲಿ ಇದು ಗಟ್ಟಿ. ನಡೆಯುವುದು ಬೇರೆ. ಕಲಾವಿದನಿಗೆ ಯಾರೂ ನಿಷೇಧ ಹೇರುವುದೇ ಇಲ್ಲ. ಹಾಲ್ ಮಾಲೀಕನಿಗೆ ಒಂದು ಫೋನ್ ಹೋಗುತ್ತದೆ. ಅವನಿಗೆ ಟ್ರೇಡ್ ಲೈಸೆನ್ಸ್ ಇದೆ, ಅಗ್ನಿಶಾಮಕದ ಪತ್ರ ಇದೆ, ಪಾರ್ಕಿಂಗ್ ಇದೆ, ಬಾರ್ ಇದ್ದರೆ ಅಬಕಾರಿ ಲೈಸೆನ್ಸ್ ಇದೆ. ಒಂದಲ್ಲ ಒಂದರಲ್ಲಿ ಕೊಕ್ಕೆ ಹಾಕಬಹುದು ಎಂದು ಅವನಿಗೂ ಗೊತ್ತು. "ತಾಂತ್ರಿಕ ಕಾರಣದಿಂದ ರದ್ದು" ಎಂದು ಬೋರ್ಡು ಹಾಕುತ್ತಾನೆ. ಕೋರ್ಟಿಗೆ ಹೋಗೋಣ ಎಂದರೆ ಪ್ರಶ್ನಿಸಲು ಆದೇಶವೇ ಇರುವುದಿಲ್ಲ!

ಪೆನ್ಸಿಲ್_ಮೊನೆ:
ಇನ್ನೊಬ್ಬ ಸ್ಟ್ಯಾಂಡಪ್ ಕಲಾವಿದ ಕುನಾಲ್ ಕಾಮ್ರಾ ವಿಷಯದಲ್ಲೂ ಇದೇ ಆಗಿದ್ದು. 2021ರ ಡಿಸೆಂಬರ್‌ನಲ್ಲಿ ಅವರ ಬೆಂಗಳೂರು ಶೋಗಳು ರದ್ದಾದವು. ತುಂಬಾ ಜನ ಹಿಡಿಯುವ ಜಾಗದಲ್ಲಿ ಬರೀ 45 ಜನರನ್ನು ಕೂರಿಸಲೂ ವಿಶೇಷ ಅನುಮತಿ ಸಿಗಲಿಲ್ಲ, ಮುಚ್ಚಿಸುತ್ತೇವೆ ಎಂದು ಜಾಗದವರಿಗೆ ಬೆದರಿಕೆ ಬಂತು ಎಂದು ಬರೆದುಕೊಂಡಿದ್ದರು. ಕೊರೊನಾ ಕಾಲ ನೋಡಿ, ನಾನೂ ವೈರಸ್ಸಿನ ಒಂದು ತಳಿ ಇರಬೇಕು ಎಂದು ಅದರಲ್ಲೂ ಜೋಕು.

2022ರ ನವೆಂಬರ್ 10ಕ್ಕೆ ಮಲ್ಲೇಶ್ವರದ ಚೌಡಯ್ಯ ಹಾಲ್‌ನಲ್ಲಿ ವೀರ್ ದಾಸ್ ಶೋ ಇತ್ತು. ಒಂದು ಸಂಘಟನೆ ದೂರು ಕೊಟ್ಟಿತು, ಅದೂ ಹೋಯಿತು. ಮುಂದಿನ ವರ್ಷ ಅವರಿಗೆ ಅಂತರರಾಷ್ಟ್ರೀಯ ಎಮ್ಮಿ ಎಂಬ ಟಿವಿ ಪ್ರಶಸ್ತಿ ಬಂತು. ನಾವು ಹಾಲ್ ಕೊಡಲಿಲ್ಲ, ನ್ಯೂಯಾರ್ಕಿನಲ್ಲಿ ಪ್ರಶಸ್ತಿ ಕೊಟ್ಟರು.

ಗಿರ್ಮಿಟ್_ಪ್ರೇಮಿ:
ಪ್ರಶಸ್ತಿ ಬಂದ ಕೂಡಲೇ ಹೇಳಿದ್ದೆಲ್ಲ ಖರೇ ಆಗ್ತದೇನ್ರೀ? ಹೊರದೇಶಕ್ಕೆ ಹೋಗಿ ನಮ್ಮನಿ ಹುಳುಕು ಹೇಳಿದ್ರ ಅಲ್ಲಿಯವರಿಗೆ ಖುಷಿ ಆಗೂದ ಸಹಜ.

ನ್ಯೂಜೆರ್ಸಿ_ಸೊಪ್ಪಿನಸಾರು:
ಹೊರದೇಶದವರು ತಮ್ಮ ಹುಳುಕು ಹೇಳಿದರೆ ಅವರಿಗೂ ಖುಷಿ ಆಗಲ್ಲ ಬಿಡಿ. 2025ರ ಸೆಪ್ಟೆಂಬರ್‌ನಲ್ಲಿ ಟಿವಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಶೋವನ್ನು ಇಲ್ಲಿ ಅಮೆರಿಕದಲ್ಲಿ ಸುಮಾರು ಒಂದು ವಾರ ನಿಲ್ಲಿಸಿದ್ದರು. ಸ್ಟೇಜಿನಲ್ಲಿ ಆಡಿದ ರಾಜಕೀಯದ ಮಾತಿಗೇ. ಜನ ಗಲಾಟೆ ಮಾಡಿ, ಚಂದಾ ರದ್ದು ಮಾಡಿದ ಮೇಲೆ ವಾಪಸ್ ಬಂತು. ಇಲ್ಲಿ ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಂತೂ ಹಾಸ್ಯಕ್ಕೆ ಮೊದಲೇ ಷರತ್ತು: ರಾಜಕೀಯ ಇಲ್ಲ, ಜಾತಿ ಇಲ್ಲ, ಸೊಸೆ ಅತ್ತೆ ಮಾತ್ರ. ಈಗ ಸೊಸೆಯರೂ ವಿರೋಧ ಮಾಡುತ್ತಿದ್ದಾರೆ.

ಕಾಫಿ_ಡಿಕಾಕ್ಷನ್:
ಸೊಸೆಯರು ಮಾಡಿದ್ದು ಸರಿ.

ಲೆಕ್ಕದ_ಪುಸ್ತಕ:
ಈ ಚರ್ಚೆ ಯಾವಾಗಲೂ "ನಿಮ್ಮ ಪಕ್ಷ, ನಮ್ಮ ಪಕ್ಷ" ಕಡೆ ಹೋಗುತ್ತದೆ. ಅದಕ್ಕೆ ಮುಂಚೆ ಒಂದು ಪಟ್ಟಿ. 2012ರಲ್ಲಿ ಕೋಲ್ಕತ್ತದ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ ಮಮತಾ ಬ್ಯಾನರ್ಜಿ ಮೇಲಿನ ವ್ಯಂಗ್ಯಚಿತ್ರ ಇಮೇಲ್ ಮಾಡಿದ್ದಕ್ಕೆ ಬಂಧನ. ಕೇಸು ಮುಗಿದಿದ್ದು 2023ರಲ್ಲಿ. ಅದೇ 2012ರಲ್ಲಿ ಅಸೀಮ್ ತ್ರಿವೇದಿ ಮೇಲೆ ವ್ಯಂಗ್ಯಚಿತ್ರಕ್ಕೆ ರಾಜದ್ರೋಹ. 2016ರಲ್ಲಿ ಟಿವಿ ಹಾಸ್ಯನಟ ಕಿಕು ಶಾರದಾ, ಡೇರಾ ಸಚ್ಚಾ ಸೌದಾ ಪಂಥದ ಬಾಬಾ ರಾಮ್ ರಹೀಮ್‌ನ ಮಿಮಿಕ್ರಿ ಮಾಡಿದ್ದಕ್ಕೆ ಬಂಧನ. 2022ರಲ್ಲಿ ಮರಾಠಿ ನಟಿ ಕೇತಕಿ ಚಿತಳೆ, ಶರದ್ ಪವಾರ್ ಬಗ್ಗೆ ಹಾಕಿದ ಪೋಸ್ಟಿಗೆ ಒಂದು ತಿಂಗಳಿಗೂ ಜಾಸ್ತಿ ಜೈಲು. ಪಕ್ಷಗಳು ಬೇರೆ ಬೇರೆ, ಚರ್ಮ ಎಲ್ಲರದೂ ತೆಳು.

ನಮ್ಮಲ್ಲೇ ನೋಡಿ. 2019ರಲ್ಲಿ "ನಿಖಿಲ್ ಎಲ್ಲಿದ್ದೀಯಪ್ಪಾ" ಎಂದು ಇಡೀ ರಾಜ್ಯ ನಕ್ಕಿತ್ತು. ಆಗಿನ ಮುಖ್ಯಮಂತ್ರಿ ಟಿವಿಯವರು ರಾಜಕಾರಣಿಗಳನ್ನು ಗೇಲಿ ಮಾಡುತ್ತಾರೆ ಎಂದು ಬಹಿರಂಗವಾಗಿ ಸಿಟ್ಟಾಗಿದ್ದರು.

ಅಡ್ಡಮಾತು:
ಆ ಎಲ್ಲಿದ್ದೀಯಪ್ಪಾ ನನ್ನ ರಿಂಗ್‌ಟೋನ್ ಆಗಿತ್ತು. ಆಫೀಸಲ್ಲಿ ಬೈಸಿಕೊಂಡು ತೆಗೆದೆ.

ಲೆಕ್ಕದ_ಪುಸ್ತಕ:
ನೋಡಿ, ರಾಜಕೀಯದ ಜೋಕು ನಿಮ್ಮ ಜೇಬಿನಲ್ಲೇ ಇತ್ತು :)

ಅಡ್ಡಮಾತು:
ಅದಕ್ಕೆ ನಾನು 499 ತಗೊಂಡಿರಲಿಲ್ಲ.

ಹಾಸ್ಯಸಂಜೆ_ಖಾಯಂ:
ಎಲ್ಲರೂ ಇಂಗ್ಲಿಷ್, ಹಿಂದಿ ಶೋಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಕನ್ನಡದಲ್ಲಿ ಗಂಗಾವತಿ ಪ್ರಾಣೇಶ್, ಕೃಷ್ಣೇಗೌಡರು, ಸುಧಾ ಬರಗೂರು ಇವರೆಲ್ಲ ದಶಕಗಳಿಂದ ಒಬ್ಬರೇ ನಿಂತು ನಗಿಸುತ್ತಿದ್ದಾರೆ. ಸ್ಟ್ಯಾಂಡಪ್ ಅಂದರೆ ಅದೇ ತಾನೇ? ಅಲ್ಲಿ ಇಷ್ಟು ಗಲಾಟೆ ಯಾಕಿಲ್ಲ ಎಂದು ಯೋಚಿಸಿದ್ದೀರಾ?

ನನ್ನ ಲೆಕ್ಕ ಇದು. ನಾನು ನೋಡಿದ ರಾಜ್ಯೋತ್ಸವ, ಗಣೇಶೋತ್ಸವದ ಹಾಸ್ಯಸಂಜೆಗಳಲ್ಲಿ ದುಡ್ಡು ಹಾಕುವವರೇ ರಾಜಕಾರಣಿಗಳು. ಫ್ಲೆಕ್ಸಿನಲ್ಲಿ ಕಲಾವಿದರ ಫೋಟೊ ಅಂಗೈಯಷ್ಟು, ಶಾಸಕರ ಫೋಟೊ ಬಾಗಿಲಿನಷ್ಟು. ಅವರು ಬರುವವರೆಗೂ ಕಾರ್ಯಕ್ರಮ ಶುರುವಾಗಲ್ಲ. ಬಂದ ಮೇಲೆ ಹಾರ, ಶಾಲು, ಅರ್ಧ ಗಂಟೆ ಭಾಷಣ. ಅವರ ಎದುರು ಕಲಾವಿದರು "ರಾಜಕಾರಣಿಗಳು" ಎಂದು ಒಟ್ಟಾರೆ ಒಂದು ಚಟಾಕಿ ಹಾರಿಸುತ್ತಾರೆ, ಹೆಸರು ಹಿಡಿಯಲ್ಲ. ಶಾಸಕರೂ ನಗುತ್ತಾರೆ, ಅದು ಪಕ್ಕದ ಕ್ಷೇತ್ರದವನಿಗೆ ಎಂದುಕೊಂಡು. ಟಿಕೆಟ್ ಶೋ ಕಲಾವಿದರಿಗೆ ಆ ಹಂಗಿಲ್ಲ. ಅದಕ್ಕೇ ಹೆಸರು ಹಿಡಿದು ಹೇಳುತ್ತಾರೆ, ಅದಕ್ಕೇ ಪೆಟ್ಟು ತಿನ್ನುತ್ತಾರೆ.

ಸೊಂಟದ_ಬೆಲ್ಟ್:
ಬೆಂಗಳೂರಲ್ಲಿ ಕನ್ನಡ ಸ್ಟ್ಯಾಂಡಪ್ ಎಲ್ಲಿ ನಡೆಯುತ್ತದೆ ಹೇಳಿ ಪ್ಲೀಸ್. ಆ್ಯಪ್ ತೆರೆದರೆ ಪೂರ್ತಿ ಹಿಂದಿ. ಬಂದವರೂ "ಕನ್ನಡ ಗೊತ್ತಿಲ್ಲ" ಅನ್ನುವುದನ್ನೇ ಅರ್ಧ ಗಂಟೆ ಜೋಕು ಮಾಡುತ್ತಾರೆ. ನನಗೆ ರಾಜಕೀಯಕ್ಕಿಂತ ಅದು ಜಾಸ್ತಿ ಉರಿ.

ಮೈಕ್_ಟೆಸ್ಟಿಂಗ್:
ಬಸವನಗುಡಿ, ಜಯನಗರ, ರಾಜಾಜಿನಗರದ ಸಣ್ಣ ರಂಗಮಂದಿರಗಳು, ಕೆಫೆಗಳನ್ನು ನೋಡುತ್ತಿರಿ. ಲೋಲ್‌ಬಾಗ್ ಥರದ ಕನ್ನಡ ತಂಡಗಳಿವೆ. ನೀವು ಬಂದರೆ ಇನ್ನೂ ನಾಲ್ಕು ಶೋ ಇಡುತ್ತೇವೆ.

ಮೇಲಿನ ಮಾತಿಗೆ ಸೇರಿಸುತ್ತೇನೆ. ಟಿಕೆಟ್ ಶೋಗೂ ಹಂಗು ಇದೆ. ಬಾಡಿಗೆ ಕಟ್ಟುವುದು ಕಂಪನಿಗಳ ಶೋಗಳಿಂದ. ಅವರು ಮೊದಲೇ ಮೇಲ್ ಕಳಿಸುತ್ತಾರೆ: ರಾಜಕೀಯ ಬೇಡ, ಧರ್ಮ ಬೇಡ, ನಮ್ಮ ಬಾಸ್ ಬಗ್ಗೆ ಬೇಡ. ಕೊನೆಗೆ ಉಳಿಯುವುದು ಟ್ರಾಫಿಕ್ಕು. ಯೂಟ್ಯೂಬಿನಲ್ಲಿ ಯಾಕೆ ಬರೀ "ನೀವೇನು ಕೆಲಸ ಮಾಡ್ತೀರಿ ಸಾರ್" ಥರದ ಕ್ರೌಡ್ ವರ್ಕ್ ಕ್ಲಿಪ್ಪುಗಳು ಎಂದು ಕೇಳುತ್ತೀರಲ್ಲ, ಅದಕ್ಕೆ ಕೇಸು ಬೀಳಲ್ಲ, ಅದಕ್ಕೇ.

ಪೆನ್ಸಿಲ್_ಮೊನೆ:
ಕೇಸು ಬಿದ್ದರೆ ಯಾರಿಗೆ ಪೆಟ್ಟು ಎನ್ನುವುದಕ್ಕೆ ಮುಂಬೈ ನೋಡಿ. 2025ರ ಮಾರ್ಚ್‌ನಲ್ಲಿ ಕಾಮ್ರಾ ಶಿವಸೇನೆ ನಾಯಕ ಏಕನಾಥ ಶಿಂದೆ ಮೇಲೆ ಅಣಕು ಹಾಡಿನ ವಿಡಿಯೊ ಹಾಕಿದರು. ಪಕ್ಷದ ಕಾರ್ಯಕರ್ತರು ಆ ಶೋ ರೆಕಾರ್ಡ್ ಆಗಿದ್ದ ಖಾರ್‌ನ ಹ್ಯಾಬಿಟ್ಯಾಟ್ ಎಂಬ ಕಾಮಿಡಿ ಹಾಲ್‌ಗೆ ನುಗ್ಗಿ ಕುರ್ಚಿ ಮುರಿದರು. ಮಾರನೇ ದಿನ ಪಾಲಿಕೆಯವರು ಸುತ್ತಿಗೆ ಹಿಡಿದು ಬಂದು, ಅಕ್ರಮ ಕಟ್ಟಡ ಎಂದು ಒಂದಷ್ಟು ಭಾಗ ಒಡೆದರು. ಶೋ ರೆಕಾರ್ಡ್ ಆಗಿದ್ದು ಅದಕ್ಕೂ ಮುಂಚೆ, ಅವತ್ತು ಕಾಮ್ರಾ ಅಲ್ಲಿ ಇರಲೇ ಇಲ್ಲ! ಕಾಮ್ರಾ ಕ್ಷಮೆ ಕೇಳಲ್ಲ ಎಂದರು, ಮದ್ರಾಸ್ ಹೈಕೋರ್ಟಿನಿಂದ ರಕ್ಷಣೆ ಪಡೆದರು. ಜಾಗದವರು ಮಾತ್ರ ಬಾಗಿಲು ಹಾಕಿಕೊಂಡರು. ಪ್ರೇಕ್ಷಕರಿಗೂ ಪೊಲೀಸ್ ನೋಟಿಸ್ ಹೋದ ಸುದ್ದಿ ಬಂತು.

ಬೆಳ್ಳಿ_ಲೋಟ:
ನಕ್ಕಿದ್ದಕ್ಕೆ ನೋಟಿಸಾ? ಅದು ಅತಿಯಾಯಿತು. ನಾನು ಎಷ್ಟೇ ವಿರೋಧಿಸಿದರೂ ಕುರ್ಚಿ ಮುರಿಯುವವರ ಜೊತೆ ನನ್ನನ್ನು ಸೇರಿಸಬೇಡಿ.

ಟಿಕೆಟ್_ಇಟ್ಟುಕೊಂಡವಳು:
ಸೇರಿಸಲ್ಲ. ಆದರೆ ನೀವು "ಶೋ ಬೇಡ" ಎಂದು ಪೊಲೀಸರಿಗೆ ಹೇಳಿದಾಗ, ಅವರು "ಕುರ್ಚಿ ಮುರಿಯುವವರು ಬರುತ್ತಾರೆ" ಎಂದೇ ಅಲ್ವಾ ರದ್ದು ಮಾಡೋದು? ಅವರು ಇಲ್ಲದಿದ್ದರೆ ನಿಮ್ಮ ದೂರಿಗೆ ಬಲ ಎಲ್ಲಿಂದ ಬರುತ್ತದೆ?

ಬೆಳ್ಳಿ_ಲೋಟ:
ಇದಕ್ಕೆ ಯೋಚನೆ ಮಾಡಿ ಉತ್ತರ ಕೊಡುತ್ತೇನೆ. ಈಗ ಬಸ್ಸಲ್ಲಿದ್ದೇನೆ.

ನಿರ್ವಾಹಕ:
ಪಕ್ಷದ ಹೆಸರು ಹಿಡಿದು ಬೈದ ಎರಡು ಕಾಮೆಂಟ್ ತೆಗೆದಿದ್ದೇನೆ. ಎರಡೂ ಪಕ್ಷದ್ದು ಒಂದೊಂದು, ಲೆಕ್ಕ ಕೇಳಬೇಡಿ. "ಟಿಕೆಟ್‌ನಲ್ಲಿ ಮೊದಲೇ ಹೇಳಬೇಕಾ" ಎಂಬ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಕರಿ_ಕೋಟು:
ನನ್ನ ಪ್ರಕಾರ ಬೇಡ. ಇವತ್ತು "ರಾಜಕೀಯ ಇದೆ" ಎಂದು ಬರೆಸಿದರೆ, ಹಾಲ್ ಕೊಡಬಾರದ ಶೋಗಳ ಪಟ್ಟಿ ತಾನಾಗೇ ತಯಾರಾಗುತ್ತದೆ.

ಕಾಫಿ_ಡಿಕಾಕ್ಷನ್:
ಬರೆದರೆ ಟಿಕೆಟ್ ಇನ್ನೂ ಜಾಸ್ತಿ ಮಾರಾಟ ಆಗುತ್ತದೆ, ಬೇಕಾದರೆ ನೋಡಿ.

ಮೂರನೇ_ಸಾಲು:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಇದನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಹಿರಣ್ಣಯ್ಯ ಎಂದ ತಕ್ಷಣ ಕಿವಿ ನೆಟ್ಟಗಾಯಿತು, ಅವರೂ ನೋಡಿದ್ದಾರಂತೆ. "ಅವನು ಆಡಿದ ರಾಜಕೀಯಕ್ಕೆ ನಾನು ಎದ್ದಿದ್ದಲ್ಲ. ಅದಕ್ಕಿಂತ ಜಾಸ್ತಿ ನಾನೇ ಬೈಯ್ತೀನಿ. ಆ ವಯಸ್ಸಾದವರಿಗೆ ಬಾಗಿಲು ತೋರಿಸಿದನಲ್ಲ, ಅದಕ್ಕೆ ಎದ್ದೆ" ಎಂದರು. ಇಷ್ಟು ದಿನ ನಾನೂ ಹೆಂಡತಿಯೂ ಬೇರೇನೋ ವಿಷಯಕ್ಕೆ ಜಗಳ ಆಡಿದ್ದೇವೆ.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲಪ್ಪ, ಆ ಮೊಳೆ ಎಣಿಸೋ ಓನರ್ ಕೊನೆಗೆ ಅಡ್ವಾನ್ಸ್ ವಾಪಸ್ ಕೊಟ್ಟನಾ?"

ಮೈಕ್_ಟೆಸ್ಟಿಂಗ್:
ಅಯ್ಯೋ, ನೀವು ಅದಕ್ಕೆ ಮುಂಚೆ ಎದ್ದು ಬಂದಿರಾ! ಅದು ಕೊನೆಯ ಎರಡು ನಿಮಿಷದಲ್ಲಿ ವಾಪಸ್ ಬರುತ್ತದೆ. ಆ ಇಪ್ಪತ್ತು ನಿಮಿಷದ ರಾಜಕೀಯವೂ ಅದಕ್ಕೇ ಬಂದು ಸೇರುತ್ತದೆ. ಓನರ್ ಏನು ಮಾಡುತ್ತಾನೆ ಅಂದರೆ

ಸೊಂಟದ_ಬೆಲ್ಟ್:
ಹೇಳಬೇಡಿ ಹೇಳಬೇಡಿ! ಭಾನುವಾರಕ್ಕೆ ನಾನು ಟಿಕೆಟ್ ತಗೊಂಡಿದ್ದೇನೆ.